ನಾಲೆ ಏರಿಯ ಮೇಲಿನ ಶೈರ್: ಒಂದು ಓದುಗರ ಬಳಗದ ಪ್ರಕರಣ

2022ರ ಆಗಸ್ಟ್ 21ರ ಭಾನುವಾರ ಸಂಜೆ, ಮೈಸೂರಿನ ಸರಸ್ವತಿಪುರಂನ ಒಂದು ಮನೆಯಲ್ಲಿ, ಐದು ವರ್ಷ ಒಟ್ಟಿಗೆ ಕುಳಿತು ಓದಿದ ಹನ್ನೆರಡು ಜನರ ಬಳಗ ಒಡೆಯಿತು. ಒಂದು ಸಿನಿಮಾದ ಕೊನೆಯ ಅರ್ಧ ಗಂಟೆ ಅದಕ್ಕೆ ಕಾರಣ.

ಆ ಬಳಗದ ಸಂಚಾಲಕಿ ನಾನು. ಹಿಂದೆ ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿದ್ದವಳು. ಓದುಗರ ಬಳಗಗಳನ್ನು ನಡೆಸುವ ಬೇರೆಯವರಿಗೆ ಉಪಯೋಗವಾದೀತೆಂದು, ಇದರಲ್ಲಿ ಬರುವವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಹತ್ತಬಾರದೆಂದು ಉದ್ಯೋಗ, ವಯಸ್ಸು, ಬಡಾವಣೆಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ಆಡಿದ ಮಾತುಗಳನ್ನೂ ನಾನು ಮಾಡಿದ ತಪ್ಪುಗಳನ್ನೂ ಇದ್ದಂತೆಯೇ ಇಟ್ಟಿದ್ದೇನೆ.

ಹಿನ್ನೆಲೆ

ಬಳಗ ಶುರುವಾದದ್ದು 2017ರ ಜೂನ್‌ನಲ್ಲಿ. ತಿಂಗಳ ಎರಡನೆಯ ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮ ನಡುಮನೆಯಲ್ಲಿ ಸೇರುವುದು, ಟೋಲ್ಕಿನ್ ಬರೆದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯ ಒಂದು ಅಧ್ಯಾಯವನ್ನು ಸರದಿಯಂತೆ ಗಟ್ಟಿಯಾಗಿ ಓದುವುದು, ಆಮೇಲೆ ಕಾಫಿ ಕುಡಿಯುತ್ತ ಅದರ ಬಗ್ಗೆ ಕನ್ನಡದಲ್ಲಿ ಮಾತಾಡುವುದು. ಇಷ್ಟೇ ಕ್ರಮ. ಕೇಡಿನ ಮಾಂತ್ರಿಕ ಉಂಗುರವೊಂದನ್ನು ನಾಶಮಾಡಲು ಹೊರಟ ಫ್ರೋಡೋ, ಅವನ ಸಂಗಾತಿ ಸ್ಯಾಮ್ ಮೊದಲಾದವರ ಕಥೆ ಅದು. 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಬಂದ ಆ ಕಾದಂಬರಿಯಲ್ಲಿ 62 ಅಧ್ಯಾಯಗಳಿವೆ. ತಿಂಗಳಿಗೊಂದರಂತೆ ಐದು ವರ್ಷ ಎರಡು ತಿಂಗಳ ಓದು. ಕೊರೊನಾ ಬಂದು ಎಲ್ಲರೂ ಮನೆ ಸೇರಿದಾಗ ಫೋನಿನಲ್ಲಿ ಓದಿದೆವು. ಒಂದು ತಿಂಗಳನ್ನೂ ತಪ್ಪಿಸಲಿಲ್ಲ. 2022ರ ಜುಲೈನಲ್ಲಿ, ಸ್ಯಾಮ್ ಮನೆಗೆ ಮರಳಿ ಬಂದು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಕೊನೆಯ ಪುಟವನ್ನು ಓದಿದಾಗ ಯಾರಿಗೂ ಎದ್ದು ಹೋಗುವ ಮನಸ್ಸಾಗಲಿಲ್ಲ. ಕಾಫಿ ಆರಿ ಹೋಯಿತು.

ಈ ಪ್ರಕರಣಕ್ಕೆ ಮುಖ್ಯವಾದವರು ನಾಲ್ವರು.

ಮೊದಲನೆಯವನು ಮಂಡ್ಯ ಜಿಲ್ಲೆಯ ಹುಡುಗ. ಪಾಂಡವಪುರದ ಕಡೆಯ ಹಳ್ಳಿಯವನು, ವಯಸ್ಸು ಇಪ್ಪತ್ತನಾಲ್ಕು, ಕೆಲಸ ಮೈಸೂರಿನಲ್ಲಿ. ಪಿಯುಸಿಯಲ್ಲಿದ್ದಾಗ ಹಳೆಯ ಪುಸ್ತಕದ ಅಂಗಡಿಯಲ್ಲಿ ಮೊದಲ ಸಂಪುಟವೊಂದೇ ಸಿಕ್ಕಿ, ನಿಘಂಟನ್ನು ಪಕ್ಕದಲ್ಲಿ ಇಟ್ಟುಕೊಂಡು ಓದಿದ್ದ. ಉಳಿದೆರಡನ್ನು ನಮ್ಮೊಂದಿಗೆ ಓದಿದ. ಪುಸ್ತಕ ಪೂರ್ತಿ ಮುಗಿಯುವ ತನಕ ಸಿನಿಮಾ ನೋಡುವುದಿಲ್ಲವೆಂದು ಹಠ ಹಿಡಿದು, ಆ ಹಠವನ್ನು ಉಳಿಸಿಕೊಂಡಿದ್ದ.

ಎರಡನೆಯವಳು ಶಾಲಾ ಶಿಕ್ಷಕಿ; ಬಳಗದಲ್ಲಿ ಎಲ್ಲರೂ ಅವಳನ್ನು ಟೀಚರ್ ಎಂದೇ ಕರೆಯುತ್ತೇವೆ. ಅವಳ ದಾರಿ ಉಲ್ಟಾ. ಚಿಕ್ಕವಳಿದ್ದಾಗ ಅಣ್ಣ ತಂದ ಡಿವಿಡಿಯಲ್ಲಿ ಸಿನಿಮಾ ನೋಡಿದವಳು. ಪ್ರತಿ ದಸರಾ ರಜೆಯಲ್ಲೂ ಅಣ್ಣ ತಂಗಿ ಮೂರೂ ಭಾಗಗಳನ್ನು ಸತತವಾಗಿ ನೋಡುವುದು ಅವರ ಮನೆಯ ಪದ್ಧತಿಯೇ ಆಗಿತ್ತು. ಅಣ್ಣ ವಿದೇಶಕ್ಕೆ ಹೋದ ವರ್ಷ ಅವಳು ಪುಸ್ತಕ ಹಿಡಿದಳು.

ಮೂರನೆಯವರು ನಿವೃತ್ತ ಕನ್ನಡ ಮೇಷ್ಟ್ರು. ನಾಲ್ಕನೆಯವರು ನಿವೃತ್ತ ಎಂಜಿನಿಯರ್; ನಮ್ಮೆಲ್ಲರಿಗಿಂತ ಹಳೆಯ ಓದುಗರು, ಅನುಬಂಧಗಳಲ್ಲಿರುವ ವಂಶಾವಳಿಗಳನ್ನು ಬಾಯಿಪಾಠವಾಗಿ ಬಲ್ಲವರು.

ಸಮಸ್ಯೆ

ಓದು ಮುಗಿದ ಸಂಭ್ರಮಕ್ಕೆ ಆಗಸ್ಟಿನ ಮೂರು ಭಾನುವಾರ ಪೀಟರ್ ಜಾಕ್ಸನ್ ನಿರ್ದೇಶಿಸಿದ ಮೂರು ಸಿನಿಮಾಗಳನ್ನು ಒಟ್ಟಿಗೆ ನೋಡೋಣ ಎಂದವಳು ನಾನೇ. 2001, 2002, 2003ರಲ್ಲಿ ಬಂದ ಚಿತ್ರಗಳು. ಮೂರನೆಯದಕ್ಕೆ ಹನ್ನೊಂದು ಆಸ್ಕರ್ ಬಂದಿತ್ತು. ಸೆಪ್ಟೆಂಬರ್ 2ರಿಂದ 'ದಿ ರಿಂಗ್ಸ್ ಆಫ್ ಪವರ್' ಎಂಬ ಹೊಸ ಸರಣಿ ಶುರುವಾಗಲಿತ್ತು. ಅದಕ್ಕೂ ಪೀಠಿಕೆಯಾದೀತು ಎಂದುಕೊಂಡೆ. ಸಿನಿಮಾ ನೋಡುವುದರಿಂದ ಯಾರಿಗೆ ಏನಾದೀತು ಎಂದು ಒಬ್ಬರನ್ನೂ ಕೇಳಲಿಲ್ಲ.

ಮೊದಲ ಭಾನುವಾರ, ಪುಸ್ತಕದಲ್ಲಿ ಕಾಡಿನಂಚಿನಲ್ಲಿ ಹಾಡುತ್ತ ಬದುಕುವ ಟಾಮ್ ಬೊಂಬಾಡಿಲ್ ತೆರೆಯ ಮೇಲೆ ಬರಲೇ ಇಲ್ಲ. ಗಾಯಗೊಂಡ ಫ್ರೋಡೋನನ್ನು ಕಾಪಾಡಲು ಪುಸ್ತಕದ ಗ್ಲೋರ್‌ಫಿಂಡೆಲ್ ಬದಲು ಆರ್ವೆನ್ ಬಂದಳು. ಹುಡುಗ ಸುಮ್ಮನಿದ್ದ. ಎರಡನೆಯ ಭಾನುವಾರ ಮೇಷ್ಟ್ರೇ ಗೊಣಗಿದರು: ದಾರಿಯಲ್ಲಿ ಬಿದ್ದಿದ್ದರೂ ಆ ಉಂಗುರವನ್ನು ಎತ್ತಿಕೊಳ್ಳೆನು ಎನ್ನುವ ಸೇನಾನಿ ಫಾರಮಿರ್, ಸಿನಿಮಾದಲ್ಲಿ ಫ್ರೋಡೋನನ್ನು ಸೆರೆಹಿಡಿದು ತನ್ನ ನಾಡಿನ ಪಾಳುನಗರವೊಂದಕ್ಕೆ ಎಳೆದೊಯ್ಯುತ್ತಾನೆ. ಆಗಲೂ ಹುಡುಗ ಸುಮ್ಮನಿದ್ದ. ಅವನು ಕಾಯುತ್ತಿದ್ದದ್ದು ಬೇರೆಯದಕ್ಕೆ.

ಪುಸ್ತಕ ಓದದವರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉಂಗುರ ನಾಶವಾದ ಮೇಲೆ ಫ್ರೋಡೋ, ಸ್ಯಾಮ್ ಸೇರಿ ನಾಲ್ವರು ಹಾಬಿಟ್‌ಗಳು, ಅಂದರೆ ಮನುಷ್ಯರಿಗಿಂತ ಕುಳ್ಳಗಿನ ಜನ, ತಮ್ಮ ಊರಾದ ಶೈರ್‌ಗೆ ಮರಳುತ್ತಾರೆ. ಆದರೆ ಊರು ಹಾಳಾಗಿದೆ. ಸಾಲುಮರಗಳನ್ನು ಕಡಿದಿದ್ದಾರೆ, ಹಳೆಯ ಗಿರಣಿಯನ್ನು ಕೆಡವಿ ಹೊಗೆಯುಗುಳುವ ಹೊಸದನ್ನು ಕಟ್ಟಿದ್ದಾರೆ, ಹೊಳೆಯ ನೀರು ಕೊಳೆತಿದೆ, ಬೆಳೆದ ಧಾನ್ಯವನ್ನು ಯಾರೋ ಎತ್ತಿಕೊಂಡು ಹೋಗುತ್ತಿದ್ದಾರೆ. ಜಗತ್ತನ್ನು ಉಳಿಸಿ ಬಂದವರು ಈಗ ತಮ್ಮ ಕೇರಿಯನ್ನು ಉಳಿಸಿಕೊಳ್ಳಬೇಕು. ಮುಂದಿನ, ಅಂದರೆ ಕೊನೆಯ ಅಧ್ಯಾಯದ ಆರಂಭದಲ್ಲಿ ಸ್ಯಾಮ್, ಎಲ್ಫ್‌ಗಳ ಒಡತಿ ಗಲಾಡ್ರಿಯೆಲ್ ಕೊಟ್ಟ ಚಿಕ್ಕ ಪೆಟ್ಟಿಗೆಯ ಮಣ್ಣನ್ನು ಒಂದೊಂದು ಚಿಟಿಕೆಯಂತೆ ಊರೆಲ್ಲ ಹಂಚಿ ಸಸಿ ನೆಡುತ್ತಾನೆ. ಹಾಳಾದ ಊರನ್ನು ಉಳಿಸಿಕೊಳ್ಳುವ ಅಧ್ಯಾಯ ಕೊನೆಯಿಂದ ಎರಡನೆಯದು. ನಾವು ಓದಿದ್ದು ಜೂನ್‌ನಲ್ಲಿ. ಓದಿದವನು ಆ ಹುಡುಗನೇ. ಅವತ್ತು ಅವನು ಬಸ್ ಹಿಡಿದು ಊರಿಗೆ ಹೋಗಿ ಗದ್ದೆಯ ಬದುವಿನಲ್ಲಿ ಒಂದು ಹೊಂಗೆ ಸಸಿ ನೆಟ್ಟನಂತೆ. ಆಗ ಇದು ನಮಗೆ ಗೊತ್ತಿರಲಿಲ್ಲ.

ಸಿನಿಮಾದಲ್ಲಿ ಈ ಅಧ್ಯಾಯವೇ ಇಲ್ಲ. ಮೊದಲ ಭಾಗದಲ್ಲಿ, ಗಲಾಡ್ರಿಯೆಲ್‌ಳ ನೀರಿನ ಕನ್ನಡಿಯೊಳಗೆ ಉರಿಯುವ ಶೈರ್ ಒಂದು ಕ್ಷಣ ಕಂಡಿತ್ತು. ಅದನ್ನು ನೋಡಿ ಹುಡುಗ ಆಸೆ ಇಟ್ಟುಕೊಂಡಿದ್ದ. ಮೂರನೆಯ ಭಾಗದ ಕೊನೆಗೆ ನಾಲ್ವರೂ ಕುದುರೆಯೇರಿ ಬಂದರೆ ಊರು ಬಿಟ್ಟು ಹೋದ ಹಾಗೆಯೇ ಹಸಿರಾಗಿದೆ. ಹೆಂಡದಂಗಡಿಯಲ್ಲಿ ಕುಳಿತು ಕುಡಿಯುತ್ತಾರೆ. ಇವರ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. ಆ ಹೊತ್ತಿಗೆ ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಹುಡುಗ ಎದ್ದು ನಿಂತ.

"ಇದನ್ನು ನೋಡಿ ಅಳುವವರು ಪುಸ್ತಕ ಓದಿಲ್ಲ" ಎಂದ.

"ಐದು ವರ್ಷ ನಿಮ್ಮ ಪಕ್ಕದಲ್ಲೇ ಕುಳಿತು ಓದಿದ್ದೇನೆ" ಎಂದಳು ಟೀಚರ್.

"ಓದಿದ್ದೀರಿ. ಕಂಡದ್ದು ಮಾತ್ರ ಸಿನಿಮಾವನ್ನೇ."

ಅವಳು ಚೀಲ ತೆಗೆದುಕೊಂಡು ಹೊರಟಳು. ಗೇಟಿನ ಸದ್ದಾಗುವ ತನಕ ಯಾರೂ ಮಾತಾಡಲಿಲ್ಲ. ನಾನು ಅವಳ ಹಿಂದೆ ಹೋಗಬೇಕಿತ್ತು. ಹೋಗದೆ ಟಿವಿ ಆರಿಸಿದೆ.

ಏನೇನು ಮಾಡಿ ನೋಡಿದೆವು

ಮೊದಲು ನಾನು ಮಾಡಿದ್ದು ನಿಷೇಧ. ಸೆಪ್ಟೆಂಬರ್ ಸಭೆಗೆ ಮುಂಚೆ ಎಲ್ಲರಿಗೂ ಸಂದೇಶ ಕಳುಹಿಸಿದೆ: ಇನ್ನು ಮುಂದೆ ಪುಸ್ತಕದ ಮಾತು ಮಾತ್ರ, ಸಿನಿಮಾ ಮತ್ತು ಸರಣಿಯ ಮಾತು ಬೇಡ. ಅದೇ ವಾರ ಹೊಸ ಸರಣಿ ಶುರುವಾಗಿತ್ತು, ಎಲ್ಲರೂ ನೋಡುತ್ತಿದ್ದರು, ಎಲ್ಲರ ತುದಿನಾಲಿಗೆಯಲ್ಲೂ ಅದೇ ಇತ್ತು. ಸಭೆ ಒಂದು ಗಂಟೆಯಲ್ಲಿ ಮುಗಿಯಿತು. ಬಂದವರು ಐದು ಜನ.

ಅಕ್ಟೋಬರಿನಲ್ಲಿ ಎಂಜಿನಿಯರ್ ಒಂದು ಪಟ್ಟಿ ತಂದರು. ಹೊಸ ಸರಣಿಯಲ್ಲಿ ತಾವು ಕಂಡ 43 ತಪ್ಪುಗಳು, ಎದುರಿಗೆ ಪುಸ್ತಕದ ಪುಟಸಂಖ್ಯೆ. ನಿಷೇಧ ಸೋತಿದ್ದರಿಂದ ನಾನು ಒಪ್ಪಿದೆ. ನಿಜ ಹೇಳಬೇಕೆಂದರೆ ಆ ಸಂಜೆ ನಾನು ತುಂಬ ಕಲಿತೆ. ಸರಣಿಯ ಕಥೆ ನಡೆಯುವ ಎರಡನೆಯ ಯುಗ, ಪುಸ್ತಕದ ಅನುಬಂಧದ ಪ್ರಕಾರ, 3,441 ವರ್ಷಗಳದ್ದು. ಮಾಂತ್ರಿಕ ಉಂಗುರಗಳ ತಯಾರಿ ಶುರುವಾಗುವುದು ಸುಮಾರು 1500ರಲ್ಲಿ, ನೂಮೆನೋರ್ ದ್ವೀಪ ಮುಳುಗುವುದು 3319ರಲ್ಲಿ. ಸರಣಿ ಇದನ್ನೆಲ್ಲ ಒಬ್ಬ ಮನುಷ್ಯನ ಆಯುಸ್ಸಿನೊಳಗೆ ಮಡಚಿ ಇಟ್ಟಿದೆ. ಹಾಗೆ ಮಾಡದಿದ್ದರೆ ಸಾವಿಲ್ಲದ ಎಲ್ಫ್‌ಗಳ ಎದುರಿಗೆ ಮನುಷ್ಯ ಪಾತ್ರಗಳು ಕಂತು ಕಂತಿಗೂ ಮುದಿಯಾಗಿ ಸಾಯಬೇಕಾಗುತ್ತಿತ್ತು ಎಂದು ಒಬ್ಬರು ವಾದಿಸಿದರು. ತಯಾರಕರ ಬಳಿ, ಟೋಲ್ಕಿನ್ ಆ ಹಳೆಯ ಯುಗಗಳ ಬಗ್ಗೆ ಬರೆದ 'ದಿ ಸಿಲ್ಮರಿಲಿಯನ್' ಪುಸ್ತಕದ ಹಕ್ಕೇ ಇಲ್ಲ, ಅನುಬಂಧದ ಸಾಲುಗಳಿಂದಲೇ ಕಥೆ ಹೊಸೆಯಬೇಕಾಗಿತ್ತು ಎಂದರು ಇನ್ನೊಬ್ಬರು. ಟೋಲ್ಕಿನ್ ಬದುಕಿದ್ದಾಗಲೇ, 1958ರಲ್ಲಿ, ತಮ್ಮ ಕಾದಂಬರಿಗೆ ಯಾರೋ ಬರೆದ ಚಿತ್ರಕಥೆಯ ಸಾರವನ್ನು ಓದಿ, ಸಾಲು ಸಾಲಿಗೂ ಆಕ್ಷೇಪವೆತ್ತಿ ಉದ್ದದ ಪತ್ರ ಬರೆದಿದ್ದರು. ಹದ್ದುಗಳನ್ನು ಬೇಕಾಬಿಟ್ಟಿ ಹಾರಿಸಿದ್ದಾರೆ ಎಂಬುದು ಅವರ ಸಿಟ್ಟುಗಳಲ್ಲೊಂದು. ಎಂಜಿನಿಯರ್ ಅದನ್ನೂ ಓದಿ ಹೇಳಿದರು.

ಆದರೆ ಒಂದೊಂದು ಅಂಶವೂ ಕೋರ್ಟು ಕಟ್ಟೆ ಹತ್ತಿದ ವ್ಯಾಜ್ಯದಂತಾಯಿತು. ಹದಿನೇಳನೆಯದಕ್ಕೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಹದಿನೆಂಟನೆಯದು ಮೈಬಣ್ಣದ ಬಗ್ಗೆ: ಹಾಬಿಟ್‌ಗಳ ಪೂರ್ವಜರಾದ ಹಾರ್‌ಫೂಟ್‌ಗಳಾಗಿ ಕಪ್ಪು ಮೈಬಣ್ಣದ ನಟರು ನಟಿಸಿದ್ದು ತಪ್ಪು ಎಂದು ಅವರು ಬರೆದಿದ್ದರು. ಆಗ, ಅಲ್ಲಿಯ ತನಕ ಪ್ರತಿ ಆಕ್ಷೇಪಕ್ಕೂ ತಲೆಯಾಡಿಸುತ್ತಿದ್ದ ಮಂಡ್ಯದ ಹುಡುಗ ಮೊದಲ ಸಂಪುಟವನ್ನು ತೆರೆದು ಪೀಠಿಕೆಯ ಒಂದು ಸಾಲನ್ನು ತೋರಿಸಿದ. ಹಾರ್‌ಫೂಟ್‌ಗಳ ಮೈಬಣ್ಣ ಉಳಿದವರಿಗಿಂತ ಹೆಚ್ಚು ಕಂದು ಎಂದು ಟೋಲ್ಕಿನ್ ಅವರೇ ಬರೆದಿದ್ದಾರೆ. "ಸರ್, ನಾನು ಓದುವಾಗ ಇವರು ನಮ್ಮೂರಿನವರ ಬಣ್ಣದವರೇ ಆಗಿದ್ದರು" ಎಂದ.

ಕೆಲವರು ನಕ್ಕರು. ನಾನೂ ನಕ್ಕೆ. ಎಂಜಿನಿಯರ್ ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಅವರು ಬರಲಿಲ್ಲ. ಹುಡುಗ ಹೇಳಿದ್ದು ಸರಿ ಎಂದು ಇಂದಿಗೂ ನಂಬುತ್ತೇನೆ. ಆದರೆ ನಲವತ್ತು ವರ್ಷ ಒಂದು ಪುಸ್ತಕವನ್ನು ಎದೆಗವಚಿಕೊಂಡ ಹಿರಿಯರೊಬ್ಬರನ್ನು ತಿದ್ದುವುದಕ್ಕೂ ಹತ್ತು ಜನರ ನಡುವೆ ನಗೆಗೀಡು ಮಾಡುವುದಕ್ಕೂ ಇರುವ ಅಂತರವನ್ನು ನಾನು ಅವತ್ತು ಕಾಪಾಡಲಿಲ್ಲ. ಎರಡು ಸಲ ಅವರ ಮನೆಗೆ ಹೋದೆ. ಕಾಫಿ ಕೊಟ್ಟರು, ಮೊಮ್ಮಕ್ಕಳ ವಿಷಯ ಹೇಳಿದರು, ಬಳಗದ ಮಾತೆತ್ತಲಿಲ್ಲ.

ಆ ಸಂಜೆ ಇನ್ನೊಂದು ವಿಷಯವೂ ಹೊಳೆಯಿತು. ಪುಸ್ತಕವನ್ನು ಕೆಡಿಸಿದರು ಎನ್ನುವವರೆಲ್ಲ ಒಂದೇ ನೋವನ್ನು ಹೇಳುತ್ತಿಲ್ಲ. ಎಂಜಿನಿಯರರಿಗೆ ಬೇಕಿದ್ದದ್ದು ನಿಖರತೆ. ಹುಡುಗನಿಗೆ ಬೇಕಿದ್ದದ್ದು ಬೇರೇನೋ. ಅದು ಏನೆಂದು ಮಾತ್ರ ತಿಳಿದಿರಲಿಲ್ಲ.

ನವೆಂಬರಿನಲ್ಲಿ ಮೇಷ್ಟ್ರು ಸಮಾಧಾನಕ್ಕೆ ಮುಂದಾದರು. ಕನ್ನಡಿಗರಾದ ನಮಗೆ ಇದು ಹೊಸದೇ ಎಂದು ಕೇಳಿದರು. ಹತ್ತನೆಯ ಶತಮಾನದಲ್ಲಿ ಪಂಪ, ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನಿಗೆ ಸಮೀಕರಿಸಿ ಮಹಾಭಾರತವನ್ನು ಬರೆಯುವಾಗ, ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ರನ್ನ ಭೀಮನನ್ನು ನಾಯಕನನ್ನಾಗಿ ಮಾಡಿದ. ಕುಮಾರವ್ಯಾಸನಿಗೆ ಅದು ಕೃಷ್ಣಕಥೆ. ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದ ಎಂದವನೂ ಅವನೇ. ಇದೇ ಮೈಸೂರಿನ ರಂಗಾಯಣದಲ್ಲಿ 2010ರಲ್ಲಿ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ರಾತ್ರಿಯಿಡೀ ನಾಟಕವಾಗಿ ಆಡಿದಾಗ, ಒಂದು ರಂಗದಿಂದ ಇನ್ನೊಂದಕ್ಕೆ ಕಂಬಳಿ ಹೊದ್ದು ನಡೆಯುತ್ತ ಬೆಳಗಿನ ತನಕ ನೋಡಿದವರು ತಾವು. ಕುವೆಂಪು ಅವರ ಪುಸ್ತಕ ಅದರಿಂದ ಸವೆಯಿತೇ?

ಸೊಗಸಾದ ಮಾತು. ಹುಡುಗ ಕೇಳಿ, ತುಸು ಹೊತ್ತು ಬಿಟ್ಟು ಹೇಳಿದ: "ಮೇಷ್ಟ್ರೇ, ಪಂಪ ಬರೆದ ಮೇಲೆ ಯಾರೂ ವ್ಯಾಸರ ಪುಸ್ತಕದ ಮುಖಪುಟಕ್ಕೆ ಅರಿಕೇಸರಿಯ ಚಿತ್ರ ಅಂಟಿಸಲಿಲ್ಲ. ನಾನು ತಂಗಿಗೆಂದು ಕೊಳ್ಳಲು ಹೋದರೆ ಅಂಗಡಿಯಲ್ಲಿ ನಟರ ಮುಖವಿರುವ ಪ್ರತಿಯೇ ಸಿಕ್ಕಿತು. ಅವಳು ಇನ್ನು ತನ್ನದೇ ಫ್ರೋಡೋನನ್ನು ಕಾಣುವುದು ಹೇಗೆ?"

ಮೇಷ್ಟ್ರಿಗೆ ಉತ್ತರವಿರಲಿಲ್ಲ. ಅವರು ವಾದವನ್ನು ಅಲ್ಲಿಗೇ ಬಿಟ್ಟರು. ಬಿಟ್ಟದ್ದೇ ಒಳ್ಳೆಯದಾಯಿತು.

ತಿರುವು

ಡಿಸೆಂಬರ್ ಸಭೆಯನ್ನು ಮೇಷ್ಟ್ರ ಸಲಹೆಯಂತೆ ಯಾದವಗಿರಿಯಲ್ಲಿರುವ ಆರ್.ಕೆ. ನಾರಾಯಣ್ ಅವರ ಮನೆಗೆ ಒಯ್ದೆವು. ಈಗ ಅದು ವಸ್ತುಸಂಗ್ರಹಾಲಯ. ಏಳು ಜನ ಹೋಗಿದ್ದೆವು. ಮನೆಯನ್ನೆಲ್ಲ ಸುತ್ತಿ ನೋಡಿ ಹೊರಗೆ ಬಂದು ನಿಂತಾಗ ಮೇಷ್ಟ್ರು 'ಗೈಡ್' ಪ್ರಸಂಗವನ್ನು ಹೇಳಿದರು.

1958ರಲ್ಲಿ ಬಂದ ಕಾದಂಬರಿ ಅದು, 1965ರಲ್ಲಿ ಹಿಂದಿ ಸಿನಿಮಾ ಆಯಿತು. ಚಿತ್ರ ತಯಾರಿಸುವವರು ಮೈಸೂರಿಗೆ ಬಂದಾಗ ನಾರಾಯಣ್ ಆ ತಂಡವನ್ನು ಸುತ್ತಮುತ್ತ ಕರೆದೊಯ್ದು, ತಮ್ಮ ಮಾಲ್ಗುಡಿ ಯಾವ ಯಾವ ಜಾಗಗಳಿಂದ ಹುಟ್ಟಿತೋ ಅವನ್ನೆಲ್ಲ ತೋರಿಸಿದರು. ತಂಡದವರು ನೋಡಿದರು, ಮೆಚ್ಚಿದರು, ಹೋಗಿ ರಾಜಸ್ಥಾನದಲ್ಲಿ ಚಿತ್ರೀಕರಣ ಮಾಡಿದರು. ನಾರಾಯಣ್ ಆ ಬೇಸರವನ್ನು ಪ್ರಬಂಧವಾಗಿಯೇ ಬರೆದಿಟ್ಟಿದ್ದಾರೆ. ಮೇಷ್ಟ್ರು ಇದನ್ನು ಹೇಳಿದ್ದು ಬರೀ ಊರಿನ ಕಥೆಯೆಂದು.

ಹುಡುಗ ಗೋಡೆಗೆ ಒರಗಿ ನಿಂತಿದ್ದ. "ಅವರದು ಊರೇ ಹೋಯಿತು" ಎಂದ. ಆಮೇಲೆ, ಯಾರೂ ಕೇಳದಿದ್ದರೂ, ತನ್ನ ಶೈರ್ ಎಲ್ಲಿತ್ತೆಂದು ಹೇಳತೊಡಗಿದ.

ಅವನ ಶೈರ್ ವಿಶ್ವೇಶ್ವರಯ್ಯ ನಾಲೆಯ ಏರಿಯ ಕೆಳಗಿತ್ತು. ಎರಡೂ ಕಡೆ ಕಬ್ಬು. ಫ್ರೋಡೋನ ಹಿರಿಯ ಬಂಧು ಬಿಲ್ಬೋನ ಮನೆ ಎಂದರೆ ಅವನ ತಾತನ ತೊಟ್ಟಿಮನೆ. ತಲೆ ಬಗ್ಗಿಸಿ ಒಳಗೆ ಹೋಗಬೇಕಾದ ಬಾಗಿಲು. ಹಾಬಿಟ್‌ಗಳ ಹಬ್ಬ ನಡೆಯುತ್ತಿದ್ದದ್ದು ಆಲೆಮನೆಯ ಮುಂದಿನ ಬಯಲಿನಲ್ಲಿ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ವಾಸನೆಯ ನಡುವೆ. ಬೇಬಿ ಬೆಟ್ಟದ ಕಡೆಯಿಂದ ಕಲ್ಲುಗಣಿಯ ಸಿಡಿತ ಕೇಳಿಸಿದಾಗಲೆಲ್ಲ ಅವನು ಅದನ್ನು ಐಸೆನ್‌ಗಾರ್ಡ್, ಅಂದರೆ ಮರ ಕಡಿದು ಕುಲುಮೆ ಉರಿಸುವ ದುಷ್ಟ ಮಾಂತ್ರಿಕನ ಕೋಟೆ, ಎಂದುಕೊಳ್ಳುತ್ತಿದ್ದ. ತಾತ ತೀರಿಕೊಂಡ ಮೇಲೆ ಮನೆಯನ್ನು ಕೆಡವಿ ತಾರಸಿ ಮನೆ ಕಟ್ಟಿದರು. ತಾತನ ಆಲೆಮನೆ ನಿಂತುಹೋಗಿ ವರ್ಷಗಳಾಗಿವೆ. ಊರಿನಲ್ಲಿ ಈಗ ಉಳಿದಿರುವುದು ಬೇರೆಯವರದು, ಒಂದೇ ಒಂದು. ತೊಟ್ಟಿಮನೆಯ ಬಾಗಿಲು ಉಳಿದಿದ್ದದ್ದು ಆ ಪುಸ್ತಕದೊಳಗೆ ಮಾತ್ರ. "ಆಗಸ್ಟಿನಿಂದ ಎಷ್ಟು ಪ್ರಯತ್ನಪಟ್ಟರೂ ಕಣ್ಣು ಮುಚ್ಚಿದರೆ ನ್ಯೂಜಿಲೆಂಡಿನ ಹಸಿರು ದಿಬ್ಬಗಳೇ ಬರುತ್ತವೆ ಮೇಡಂ. ತಾತನ ಬಾಗಿಲು ಬರುತ್ತಿಲ್ಲ."

ನಾನು ಗ್ರಂಥಾಲಯದಲ್ಲಿ ಮೂವತ್ತು ವರ್ಷ ಕಳೆದವಳು. ಓದುಗನಿಗೆ ಒಂದು ಪುಸ್ತಕ ಏನಾಗಿರುತ್ತದೆ ಎಂದು ಅಷ್ಟು ಸ್ಪಷ್ಟವಾಗಿ ಯಾರೂ ನನಗೆ ಹೇಳಿರಲಿಲ್ಲ.

ಮೇಷ್ಟ್ರು ನಿಧಾನವಾಗಿ ಹೇಳಿದರು: "ನೋಡಪ್ಪ, ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ತೆಗೆದದ್ದು ಆಗುಂಬೆಯಲ್ಲಿ. ಅದೂ ಮೈಸೂರಲ್ಲ. ಆದರೂ ನನಗೆ ಮಾಲ್ಗುಡಿ ಎಂದರೆ ಈಗ ಅದೇ ಬೀದಿ, ಅದೇ ಮಳೆ. ನನ್ನದೇ ಒಂದು ಮಾಲ್ಗುಡಿ ಇತ್ತು, ಅದು ಅಳಿಸಿ ಹೋಗಿದೆ. ಹೋದದ್ದು ನನಗೆ ನೆನಪೂ ಇಲ್ಲ, ನೋವೂ ಇಲ್ಲ. ನಿನಗೆ ನೋವಿದೆ ಎಂದರೆ ನಿನ್ನದು ಇನ್ನೂ ಪೂರ್ತಿ ಅಳಿಸಿಲ್ಲ."

ಸುಮ್ಮನಿರಿಸಲು ಹೇಳುವ ಮಾತಾಗಿ ಅದು ಕೇಳಿಸಲಿಲ್ಲ. ಹುಡುಗ ಅಂದು ಮೊದಲ ಬಾರಿಗೆ ಟೀಚರ್ ಬಗ್ಗೆ ವಿಚಾರಿಸಿದ.

ಮರುದಿನ ನಾನು ಅವಳ ಮನೆಗೆ ಹೋದೆ. ನಾಲ್ಕು ತಿಂಗಳು ತಡವಾಗಿ. ಫೋನು ಮಾಡದೆ ಹೋಗಿದ್ದು ಸರಿಯಾದ ನಿರ್ಧಾರ. ಫೋನು ಮಾಡಿದ್ದರೆ ಬೇಡ ಎನ್ನುತ್ತಿದ್ದೆ ಎಂದು ಅವಳೇ ಆಮೇಲೆ ಹೇಳಿದಳು. ಹುಡುಗನ ತಾತನ ಮನೆಯ ವಿಷಯವನ್ನು ನಾನು ಹೇಳಲಿಲ್ಲ. ಅದು ಅವನು ಹೇಳಬೇಕಾದದ್ದು. ಅವತ್ತು ನಿನ್ನ ಹಿಂದೆ ಬರಬೇಕಿತ್ತು, ಬರಲಿಲ್ಲ ಎಂದಷ್ಟೇ ಹೇಳಿದೆ.

ಅವಳು ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: "ನನ್ನ ಶೈರ್ ಸಿನಿಮಾದಿಂದಲೇ ಬಂದದ್ದು ಮೇಡಂ, ಸುಳ್ಳು ಹೇಳುವುದಿಲ್ಲ. ಆ ಹೆಂಡದಂಗಡಿಯ ದೃಶ್ಯ ಬಂದಾಗ ನಮ್ಮಣ್ಣ ಯಾವಾಗಲೂ ಚಿತ್ರ ನಿಲ್ಲಿಸುತ್ತಿದ್ದ. ನೋಡು, ಇವರಿಗೆ ಏನಾಯಿತೆಂದು ಊರಿನಲ್ಲಿ ಯಾರಿಗೂ ಗೊತ್ತಿಲ್ಲ ಎನ್ನುತ್ತಿದ್ದ. ಅವನು ಈಗ ವರ್ಷಕ್ಕೊಮ್ಮೆ ಬರುತ್ತಾನೆ. ಬಂದಾಗ ಅವನ ಮುಖ ಹಾಗೆಯೇ ಇರುತ್ತದೆ. ಅದನ್ನು ನಕಲಿ ಎಂದರೆ ನಾನು ಯಾವುದನ್ನು ಅಸಲಿ ಎನ್ನಲಿ?"

ನಡೆದದ್ದು

2023ರ ಜನವರಿ 8ರ ಸಭೆಗೆ ಅವಳು ಬಂದಳು. ನಾನು ಒಂದೇ ಒಂದು ನಿಯಮ ಇಟ್ಟೆ. ಪುಸ್ತಕವಾಗಲಿ ಸಿನಿಮಾವಾಗಲಿ, ಸರಿಯೋ ತಪ್ಪೋ ಎಂದು ಯಾರೂ ಹೇಳುವಂತಿಲ್ಲ. ನಿಮ್ಮ ಶೈರ್ ಎಲ್ಲಿದೆ, ಅಲ್ಲಿ ಯಾರಿದ್ದಾರೆ ಎಂದು ಮಾತ್ರ ಹೇಳಬೇಕು. ಮೊದಲು ಮಾತಾಡಬೇಕಾದವರು ಸಿನಿಮಾದಿಂದ ಬಂದವರು.

ಈ ಕೊನೆಯ ಅಂಶವನ್ನು ತುಂಬ ಯೋಚಿಸಿ ಇಟ್ಟಿದ್ದೆ. ಓದಿ ಬಂದವರು ಮೊದಲು ಮಾತಾಡಿದರೆ ನೋಡಿ ಬಂದವರು ಅಪರಾಧಿಗಳಂತೆ ಬಾಯಿ ಬಿಡುತ್ತಾರೆ. ಅದನ್ನು ಐದು ವರ್ಷ ಕಣ್ಣಾರೆ ಕಂಡಿದ್ದೆ, ಗಮನಿಸಿರಲಿಲ್ಲ.

ಟೀಚರ್ ಅಣ್ಣನ ಕಥೆ ಹೇಳಿದಳು. ಹುಡುಗ ತಾತನ ಬಾಗಿಲಿನ ಕಥೆ ಹೇಳಿದ. ಒಬ್ಬರ ಮೋರಿಯಾ ಗಣಿ ಕೆಜಿಎಫ್ ಆಗಿತ್ತು. ಅವರ ತಂದೆ ಅಲ್ಲಿ ಕೆಲಸ ಮಾಡಿದ್ದವರು. ಮೇಷ್ಟ್ರ ಮಾಂತ್ರಿಕ ಗ್ಯಾಂಡಾಲ್ಫ್‌ಗೆ ಗಡ್ಡವೇ ಇರಲಿಲ್ಲ. ಕೊಡೆ ಹಿಡಿದು ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುತ್ತಿದ್ದ ಅವರ ಗುರುಗಳು ಅವರು. ಐದು ವರ್ಷ ಒಂದೇ ಪುಸ್ತಕವನ್ನು ಓದಿದ್ದೇವೆ ಎಂದುಕೊಂಡಿದ್ದೆವು. ನಡುಮನೆಯಲ್ಲಿ ಕುಳಿತಿದ್ದ ಒಂಬತ್ತು ಜನರ ಬಳಿ ಒಂಬತ್ತು ಪುಸ್ತಕಗಳಿದ್ದವು.

ಹುಡುಗ ಟೀಚರ್ ಬಳಿ ಕ್ಷಮೆ ಕೇಳಿದ. ಅವಳು ಕೇಳಿದ ಪ್ರಶ್ನೆ: "ಆ ಆಲೆಮನೆಯ ಬಯಲು ಈಗಲೂ ಇದೆಯೇ?" ಫೆಬ್ರುವರಿಯಲ್ಲಿ ಕಬ್ಬು ಅರೆಯುವ ಕಾಲಕ್ಕೆ ನಾವೆಲ್ಲ ಅವನ ಊರಿಗೆ ಹೋದೆವು. ಬಿಸಿ ಬೆಲ್ಲವನ್ನು ಎಲೆಯ ಮೇಲೆ ಹಾಕಿಕೊಟ್ಟರು. ಬದುವಿನ ಹೊಂಗೆ ಸಸಿ ಮೊಣಕಾಲೆತ್ತರ ಬಂದಿತ್ತು. ಟೀಚರ್ ಅಲ್ಲಿಂದಲೇ ಅಣ್ಣನಿಗೆ ವಿಡಿಯೊ ಕರೆ ಮಾಡಿ, ಸಿನಿಮಾದಲ್ಲಿ ಬಾರದ ಅಧ್ಯಾಯವನ್ನು ಕನ್ನಡದಲ್ಲಿ ಹೇಳಿದಳು. ಹದಿನೈದು ಸಲ ಸಿನಿಮಾ ನೋಡಿದ್ದ ಆತನಿಗೆ ಅಂಥದೊಂದು ಅಧ್ಯಾಯ ಇದೆಯೆಂದೇ ಗೊತ್ತಿರಲಿಲ್ಲ.

ಹನ್ನೆರಡರಲ್ಲಿ ಮೂವರು ಮರಳಲಿಲ್ಲ. ಇಬ್ಬರದು ಬೇರೆ ಕಾರಣ. ಎಂಜಿನಿಯರ್ ಅವರದು ನನ್ನ ಲೆಕ್ಕಕ್ಕೆ ಸೇರಬೇಕಾದದ್ದು.

ಈಗ ನಾವು ಮಾಡುವುದು

ಬಳಗದಲ್ಲಿ ಈಗ ಒಂದು ದಪ್ಪ ನೋಟ್‌ಬುಕ್ ಇದೆ. ಯಾವುದೇ ಪುಸ್ತಕದ ತೆರೆಯ ರೂಪವನ್ನು ನೋಡುವ ಮೊದಲು ಇಪ್ಪತ್ತು ನಿಮಿಷ ಪ್ರತಿಯೊಬ್ಬರೂ ತಮ್ಮ ಮನಸ್ಸಿನಲ್ಲಿರುವುದನ್ನು ಅದರಲ್ಲಿ ಬರೆಯುತ್ತಾರೆ: ಮುಖ, ಮನೆ, ದಾರಿ, ಧ್ವನಿ. ತಾರೀಖು ಹಾಕುತ್ತಾರೆ. ಆಮೇಲೆ ನೋಡುತ್ತೇವೆ. ತೆರೆಯ ಚಿತ್ರಕ್ಕೆ ನೆನಪಿನ ಚಿತ್ರಕ್ಕಿಂತ ಬಲ ಹೆಚ್ಚು. ಬರೆದಿಡದಿದ್ದರೆ ಮೇಷ್ಟ್ರ ಮಾಲ್ಗುಡಿಯಂತೆ ಹೋದದ್ದೂ ಗೊತ್ತಾಗುವುದಿಲ್ಲ. ಬೇರೆ ಬಳಗದವರಿಗೆ ನಾನು ಕೊಡಬಹುದಾದ ಒಂದೇ ಒಂದು ಸಲಹೆಯಿದ್ದರೆ ಇದು. ನೋಡಿದ ಮೇಲೆ ಚರ್ಚೆ ಇಡುವುದಕ್ಕಿಂತ ನೋಡುವ ಮುಂಚೆ ಬರೆಯಲು ಕುಳಿತುಕೊಳ್ಳಿ.

ಪುಸ್ತಕಕ್ಕೆ ನಿಷ್ಠವಾಗಿದೆಯೇ ಎಂಬ ಪ್ರಶ್ನೆ ಅರ್ಥವಿಲ್ಲದ್ದು ಎಂದು ನಾನು ಹೇಳುತ್ತಿಲ್ಲ. ಆ ಅಧ್ಯಾಯವನ್ನು ಬಿಟ್ಟದ್ದು ದೊಡ್ಡ ನಷ್ಟವೆಂದೇ ನನ್ನ ಅಭಿಪ್ರಾಯ. ಟೋಲ್ಕಿನ್ ಕಾದಂಬರಿಯ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ, ತಾವು ಬಾಲ್ಯ ಕಳೆದ ಊರು ತಮಗೆ ಹತ್ತು ವರ್ಷ ತುಂಬುವ ಮೊದಲೇ ಹಾಳಾಗುತ್ತಿದ್ದದ್ದನ್ನೂ, ಕೊಳದ ಪಕ್ಕದ ಹಳೆಯ ಹಿಟ್ಟಿನ ಗಿರಣಿ ಪಾಳುಬಿದ್ದ ಚಿತ್ರವನ್ನು ಪತ್ರಿಕೆಯಲ್ಲಿ ಕಂಡದ್ದನ್ನೂ ಬರೆದಿದ್ದಾರೆ. ನಿಂತುಹೋದ ಆಲೆಮನೆಯ ಹುಡುಗ ಆ ಅಧ್ಯಾಯಕ್ಕೆ ಕಾದು ಕುಳಿತದ್ದರಲ್ಲಿ ಆಶ್ಚರ್ಯವೇನಿದೆ? ಆದರೆ ನಿಷ್ಠೆಯ ವಾದದಿಂದ ನಮ್ಮಲ್ಲಿ ಒಬ್ಬರ ನೋವೂ ಕಡಿಮೆಯಾಗಲಿಲ್ಲ. ನಿಷೇಧವಾಗಲಿ, ಪಟ್ಟಿಯಾಗಲಿ, ಪಂಪನಾಗಲಿ ಕೆಲಸಕ್ಕೆ ಬಾರದೆ ಇದ್ದದ್ದು ಅದಕ್ಕೇ. ಹುಡುಗ ಕಳೆದುಕೊಂಡದ್ದು ಏನು ಎಂದು ಯಾರೂ ಕೇಳಿರಲಿಲ್ಲ. ಟೀಚರ್ ಏನನ್ನು ಕಾಪಾಡಿಕೊಳ್ಳುತ್ತಿದ್ದಾಳೆ ಎಂದೂ ಕೇಳಿರಲಿಲ್ಲ.

2024ರಲ್ಲಿ ಸರಣಿಯ ಎರಡನೆಯ ಭಾಗ ಬಂತು. ಅದರಲ್ಲಿ ಟಾಮ್ ಬೊಂಬಾಡಿಲ್ ಇದ್ದಾನೆಂದು ಮುಂಚೆಯೇ ತಿಳಿದಿತ್ತು. ಸೆಪ್ಟೆಂಬರಿನ ಸಭೆಯಲ್ಲಿ ನೋಟ್‌ಬುಕ್ ಸುತ್ತು ಹೊಡೆಯಿತು. ಹುಡುಗನ ಬೊಂಬಾಡಿಲ್ ಅವರ ಊರಿನ ನೀರಗಂಟಿ: ಹೆಗಲ ಮೇಲೆ ಗುದ್ದಲಿ, ಮೊಣಕಾಲ ತನಕ ಎತ್ತಿ ಕಟ್ಟಿದ ಪಂಚೆ, ತೂಬಿನಿಂದ ತೂಬಿಗೆ ಏನೋ ಗುನುಗುತ್ತ ನಡೆಯುವ ಮುದುಕ, ಯಾರ ಗದ್ದೆಗೆ ಎಷ್ಟು ನೀರು ಎಂಬುದನ್ನು ಬಿಟ್ಟರೆ ಲೋಕದ ಇನ್ನಾವ ಅಧಿಕಾರವೂ ಬೇಡದವನು. ಬರೆದು ಮುಗಿಸಿ ಎಲ್ಲರೂ ಕಂತು ನೋಡಿದೆವು. ಸರಣಿಯ ಬೊಂಬಾಡಿಲ್ ದೂರದ ಪೂರ್ವದ ಮರಳುಗಾಡಿನ ಅಂಚಿನಲ್ಲಿ ವಾಸವಾಗಿದ್ದ. ಹುಡುಗ ಮಧ್ಯದಲ್ಲಿ ಏಳಲಿಲ್ಲ. ಮುಗಿದ ಮೇಲೆ ಟೀಚರ್ ಕಡೆಯಿಂದ ನೋಟ್‌ಬುಕ್ ಕೇಳಿ ಪಡೆದು, ತಾನು ಬರೆದಿದ್ದರ ಕೆಳಗೆ ಒಂದು ಸಾಲು ಸೇರಿಸಿ ಅವಳಿಗೇ ಮರಳಿ ಕೊಟ್ಟ. ಅವಳು ಅದನ್ನು ಗಟ್ಟಿಯಾಗಿ ಓದಿದಳು: "ನಮ್ಮವನು ಇನ್ನೂ ನಾಲೆಯ ಮೇಲೆಯೇ ಇದ್ದಾನೆ. ಈಗಷ್ಟೇ ನೋಡಿ ಬಂದೆ."